ಅಮ್ಮನಿಗೆ ಓದಲು ಬಾರದ ಪುಸ್ತಕ

ಪುಸ್ತಕ ಬರೆಯುವುದು ಕಷ್ಟ ಎನ್ನುವವರು ಪುಸ್ತಕ ಮಾರಿ ನೋಡಿದವರಲ್ಲ. ಬರೆಯುವಾಗ ನನಗೆ ಬೇಕಾದದ್ದು ಒಂದು ಕುರ್ಚಿ, ಆಫೀಸಿನಿಂದ ತಂದ ಒಂದು ಮಗ್ಗುಲು ಖಾಲಿ ಇದ್ದ ಕಾಗದದ ಕಟ್ಟು, ಮತ್ತು ಭಾನುವಾರಗಳು. ಮಾರಲು ಬೇಕಾದದ್ದು ನಾಚಿಕೆ ಬಿಟ್ಟ ಮುಖ. ಅದು ನಮ್ಮ ಮನೆಯಲ್ಲಿ ಅಮ್ಮನಿಗೆ ಉಂಟು, ನನಗಿಲ್ಲ.

ಅಮ್ಮ ಮೀನು ಮಾರುವವಳು. ವರ್ಷಗಟ್ಟಲೆ ಮಣ್ಣಗುಡ್ಡದ ಮನೆ ಮನೆಗೆ ಬುಟ್ಟಿ ಹೊತ್ತವಳು. ಈಗ ಮೊಣಕಾಲು ಮಾತು ಕೇಳುವುದಿಲ್ಲವೆಂದು ಜೆಪ್ಪುವಿನಲ್ಲಿ ನಮ್ಮ ಮನೆಗೆ ಹತ್ತಿರದ ರಸ್ತೆ ಬದಿಯಲ್ಲಿ ಇನ್ನು ಮೂವರು ಹೆಂಗಸರ ಜೊತೆ ಕೂರುತ್ತಾಳೆ. ನಾನು ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ನನ್ನ ಪುಸ್ತಕ ನಮ್ಮ ಮನೆಯದೇ ಕಥೆ. ಅದರಲ್ಲಿ ಅಮ್ಮನ ಬುಟ್ಟಿ ಉಂಟು, ಅಪ್ಪನ ಕೆಮ್ಮು ಉಂಟು, ಏಳನೇ ಅಧ್ಯಾಯದಲ್ಲಿ ತಮ್ಮ ಇದ್ದಾನೆ.

ತಮ್ಮನ ವಿಷಯ ಈಗಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿಯುವ ಮೊದಲ ದಿನ, ಅವನಿದ್ದ ಬೋಟು ಅಳಿವೆ ಬಾಗಿಲಿನಲ್ಲಿ, ಅಂದರೆ ನದಿ ಕಡಲು ಸೇರುವಲ್ಲಿ, ಮಗುಚಿತು. ಉಳಿದವರು ಈಜಿ ಬಂದರು. ಅವನು ಬರಲಿಲ್ಲ. ಆ ದಿನ ಬೆಳಿಗ್ಗೆ ಅಮ್ಮ ಅವನಿಗೆ, "ಎರಡು ತಿಂಗಳು ಜಗಲಿಯಲ್ಲಿ ಕೂತದ್ದು ಸಾಕಾಗ್ಲಿಲ್ವಾ?" ಎಂದು ಬೈದಿದ್ದಳು. ತನ್ನ ನಾಲಿಗೆಯೇ ಮಗನನ್ನು ಕಳಿಸಿತು ಎಂದು ಅಮ್ಮ ನಂಬಿದಳು. ರಸ್ತೆಯಲ್ಲಿ ಗಿರಾಕಿಗಳ ಮೇಲೆ ಎಷ್ಟು ಬೇಕಾದರೂ ಬಾಯಿ ಮಾಡುವ ಹೆಂಗಸು ಅಂದಿನಿಂದ ಮನೆಯೊಳಗೆ ಯಾರಿಗೂ ಒಂದು ಗಟ್ಟಿ ಮಾತು ಆಡಿದ್ದಿಲ್ಲ.

ಆದರೆ ನಡೆದದ್ದು ಹಾಗಲ್ಲ. ಅಮ್ಮನ ಬೈಗುಳ ಅವನಿಗೆ ಬೆಳಗಿನ ಚಹಾದಷ್ಟು ರೂಢಿ. ಅವನು ಬೋಟುಗಳು ನಿಲ್ಲುವ ದಕ್ಕೆಗೆ ಹೋಗಿ, ಬೋಟು ಹತ್ತುವ ಮೊದಲು ನನಗೆ ಫೋನ್ ಮಾಡಿದ. "ಅಕ್ಕ, ಕಡಲು ಯಾಕೋ ಸರಿ ಕಾಣುವುದಿಲ್ಲ. ನಂಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಇವತ್ತೊಂದು ದಿನ ಬಿಡ್ಲಾ?" ನನ್ನ ಎದುರು ಅಡ್ಮಿಷನ್ನಿನ ಸಾಲು ಬಾಗಿಲ ತನಕ ಇತ್ತು. "ಎಂತ ಮಾರಾಯ, ಪ್ರತಿ ವರ್ಷ ನಿಂದು ಇದೇ ರಾಗ. ಮೊದಲ ದಿನವೇ ತಪ್ಪಿಸಿದ್ರೆ ಬೋಟಿನವರು ಬೇರೆಯವನನ್ನು ಹಾಕಿಕೊಳ್ತಾರೆ. ಸುಮ್ಮನೆ ಹೋಗು" ಎಂದು ಫೋನ್ ಇಟ್ಟೆ.

ಇದನ್ನು ಅಮ್ಮನಿಗೆ ಹೇಳಲಿಲ್ಲ. ಮೊದಲ ವಾರ ಹೇಳಲು ಬಾಯಿ ಬರಲಿಲ್ಲ, ಮೊದಲ ವರ್ಷ ಸಂದರ್ಭ ಬರಲಿಲ್ಲ, ಆಮೇಲೆ ಹೇಳದೆ ಇದ್ದದ್ದೇ ಇನ್ನೊಂದು ತಪ್ಪಾಗಿ ಬೆಳೆದು ನಿಂತಿತು. ಹಾಗಾಗಿ ಪುಸ್ತಕದಲ್ಲಿ ಬರೆದೆ, ಕನ್ನಡದಲ್ಲಿ. ನಮ್ಮ ಮನೆ ಮಾತು ತುಳು. ಅಮ್ಮನಿಗೆ ಗಿರಾಕಿಗಳ ಜೊತೆ ಆಡುವಷ್ಟು ಕನ್ನಡ ಬರುತ್ತದೆ, ಅಕ್ಷರ ಬಾರದು. ಅಮ್ಮನ ಸುತ್ತ ಕೂರುವವರೂ ಪುಸ್ತಕ ಮುಟ್ಟುವವರಲ್ಲ. ಬಹಳ ಧೈರ್ಯದ ಬರವಣಿಗೆ ಎಂದು ಆಮೇಲೆ ಒಬ್ಬರು ವೇದಿಕೆಯಲ್ಲಿ ಹೊಗಳಿದರು. ಧೈರ್ಯವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅಮ್ಮ ಓದಲಾರಳು ಎಂಬ ಒಂದೇ ಭರವಸೆಯಲ್ಲಿ ಬರೆದದ್ದು.

ಪ್ರಕಾಶಕರು ಊರಿನವರೇ. ಮುದ್ರಣಾಲಯದ ಮೇಲಿನ ಒಂದು ಕೋಣೆಯಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುವ ಹಿರಿಯರು. ಪುಸ್ತಕ ಅಚ್ಚಾದ ಮೇಲೆ ನಾನು, "ಇನ್ನು ಮಾರಾಟ ನೀವು ನೋಡಿಕೊಳ್ತೀರಲ್ಲ ಸರ್" ಎಂದೆ. ಅವರು ಪಾಪದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಮೇಡಂ, ನಾನು ಪುಸ್ತಕ ಮಾಡುವವ. ಮಾರುವುದು ಲೇಖಕರ ಮುಖ. ನಿಮಗೆ ಯಾರೆಲ್ಲ ಗುರ್ತ ಉಂಟು, ಅದರ ಮೇಲೆ ನಿಂತದ್ದು." ಗ್ರಂಥಾಲಯದವರು ಕೊಳ್ಳುತ್ತಾರಲ್ಲ ಎಂದು ಕೇಳಿದೆ. ಅರ್ಜಿ ಹಾಕುವುದು ನಮ್ಮ ಕೈಯಲ್ಲಿ, ಉಳಿದದ್ದು ದೇವರ ಕೈಯಲ್ಲಿ ಎಂದರು.

ನನಗೆ ಗುರ್ತ ಇದ್ದವರು ನೆಂಟರು. ಬಿಡುಗಡೆಗೆ ಅವರನ್ನೆಲ್ಲ ಕರೆದೆ, ಬಂದರು. ಅಮ್ಮ ಬರಲಿಲ್ಲ. ಬಾರದ ಹಾಗೆ ನಾನೇ ಮಾಡಿದ್ದೆ, ಕಾರ್ಯಕ್ರಮವನ್ನು ಸಂಜೆ ಐದಕ್ಕೆ ಇಟ್ಟಿದ್ದೆ. ಅದು ಅಮ್ಮನ ವ್ಯಾಪಾರದ ಹೊತ್ತು, ಆ ಹೊತ್ತಿಗೆ ದೇವರೇ ಕರೆದರೂ ಬುಟ್ಟಿ ಬಿಟ್ಟು ಏಳುವವಳಲ್ಲ. ಬಂದ ನೆಂಟರಿಗೆಲ್ಲ ನಾನು ಬಾಗಿಲಲ್ಲಿ ನಿಂತು ಒಂದೊಂದು ಪುಸ್ತಕ ಪುಕ್ಕಟೆ ಕೊಟ್ಟೆ. ನಮ್ಮಲ್ಲಿ ಕರೆದು ಬಂದವರಿಗೆ ಏನನ್ನಾದರೂ ಮಾರುವುದೆಂದರೆ ಊಟಕ್ಕೆ ಕೂರಿಸಿ ಬಿಲ್ಲು ಕೊಟ್ಟ ಹಾಗೆ. ಅವರೂ ಸುಮ್ಮನೆ ಬಂದಿರಲಿಲ್ಲ. ಮದುವೆಗೆ ತರುವ ಹಾಗೆ ಹೆಸರು ಬರೆದ ಕವರು ತಂದು ಕೈಗಿಟ್ಟು, ಉಪ್ಪಿಟ್ಟು ತಿಂದು ಹೋದರು. ಕವರು ಬಂತೆಂದರೆ ನಾಳೆ ಅವರ ಮನೆಯ ಶುಭಕಾರ್ಯಕ್ಕೆ ನಾನೂ ಕೊಡಬೇಕು. ಒಟ್ಟಿನಲ್ಲಿ ಹಾಲ್ ತುಂಬ ಜನ, ಮಾರಾಟವಾದದ್ದು ಸೊನ್ನೆ. ಪ್ರಕಾಶಕರು ತಲೆಗೆ ಕೈ ಇಟ್ಟು, "ಇದೆಂತ ಮೇಡಂ, ಕೊಳ್ಳುವವರನ್ನೆಲ್ಲ ಒಂದೇ ದಿನ ಮುಗಿಸಿಬಿಟ್ರಲ್ಲ!" ಎಂದರು.

ಆ ಪುಸ್ತಕಗಳನ್ನು ನೆಂಟರು ಓದಿ ಅಮ್ಮನಿಗೆ ಹೇಳಿಬಿಟ್ಟರೆ ಎಂದು ತಿಂಗಳು ಪೂರ್ತಿ ನನಗೆ ಅನ್ನ ಇಳಿಯಲಿಲ್ಲ. ಯಾರ ಮನೆಗೆ ಹೋದರೂ ಶೋಕೇಸಿನ ಕಡೆ ಕಣ್ಣು. ಪುಸ್ತಕ ಅಲ್ಲಿಯೇ ಇರುತ್ತಿತ್ತು, ಗಲ್ಫಿನಿಂದ ಬಂದ ಸೆಂಟಿನ ಬಾಟಲಿಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಕೆ ಹರಿಯದೆ. "ಓದ್ಬೇಕು ಮಾರಾಯ್ತಿ, ಟೈಮೇ ಸಿಗುವುದಿಲ್ಲ" ಎನ್ನುತ್ತಿದ್ದರು. ಬರೆದವಳಿಗೆ ಬೇಸರವಾಗಬೇಕಿತ್ತು. ನನಗೆ ಎಷ್ಟು ಸಮಾಧಾನವಾಗುತ್ತಿತ್ತೆಂದರೆ ಇನ್ನೊಂದು ಲೋಟ ಶರಬತ್ತು ಕೇಳಿ ಕುಡಿಯುತ್ತಿದ್ದೆ.

ಉಳಿದ ಕಟ್ಟುಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಅಂಗಡಿಗಳಿಗೆ ಹೋದೆ. ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿ, ಕಾಲಿನ ಬಳಿ ಇದ್ದ ಕಟ್ಟು ಜಾರಿ, ಹಿಂದಿನ ಬಸ್ಸಿನ ಕಂಡಕ್ಟರನ ಬಾಯಿಯಿಂದ ಬರುವ ಎಲ್ಲ ಮಾತನ್ನೂ ಕೇಳಿಸಿಕೊಂಡೆ. ಅಂಗಡಿಯವರು ಒಳ್ಳೆಯವರೇ. ಐದು ಪ್ರತಿ ಇಟ್ಟುಕೊಳ್ಳುತ್ತೇವೆ, ಹೋದರೆ ನಮ್ಮ ಕಮಿಷನ್ ಹಿಡಿದು ಕೊಡುತ್ತೇವೆ, ಹೋಗದಿದ್ದರೆ ನೀವೇ ಬಂದು ತೆಗೆದುಕೊಂಡು ಹೋಗಿ ಎಂದರು. ನನ್ನ ಪುಸ್ತಕ ಬ್ಯಾಂಕ್ ಪರೀಕ್ಷೆಯ ಗೈಡುಗಳ ಹಿಂದೆ ಹೋಯಿತು. ಹದಿನೈದು ದಿನ ಬಿಟ್ಟು ಹೋಗಿ, ಯಾರೂ ನೋಡದಾಗ ಅದನ್ನು ಮುಂದಕ್ಕೆ ಇಟ್ಟೆ. ಅಂಗಡಿಯಾತ ನನ್ನೆದುರೇ ಬಂದು ಅದನ್ನು ಹಿಂದಕ್ಕೆ ಇಟ್ಟ.

ಮನೆಗೆ ಬಂದು ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಬೂತಾಯಿ ಮೀನಿನ ತಲೆ ತೆಗೆಯುತ್ತಾ ಕೇಳಿದಳು. "ನಿನ್ನ ಸಾಮಾನು ಕೊಳೆಯುವುದಿಲ್ಲ ಅಲ್ವಾ ಮಗಾ, ಅದೇ ಅದರ ಗ್ರಾಚಾರ. ಸಂಜೆ ಒಳಗೆ ಹಾಳಾಗ್ತದೆ ಅಂತ ಇದ್ರೆ ಜನ ಬೇಗ ತಗೊಳ್ತಾರೆ. ನಾಳೆಯೂ ಇರ್ತದೆ ಅಂತ ಗೊತ್ತಿದ್ರೆ ನಾಳೆಯೇ ಬರ್ತಾರೆ." ಮತ್ತೆ ಕೈ ತೊಳೆದುಕೊಂಡು, "ಮೊದಲು ರೇಟು ಹೇಳ್ಬೇಡ. ಕಿವಿರು ಎತ್ತಿ ತೋರಿಸು. ಒಳಗೆ ಕೆಂಪು ಕಂಡ್ರೆ ಮತ್ತೆ ಗಿರಾಕಿ ಚೌಕಾಶಿ ಮಾಡುವುದಿಲ್ಲ" ಎಂದಳು. ಇಷ್ಟು ಹೇಳಿದವಳು, "ಅಲ್ಲ, ಅದರಲ್ಲಿ ಅವನದ್ದು ಎಂತ ಬರೆದಿದ್ದಿ?" ಎಂದು ಕೇಳಿದಳು. ಚಿಕ್ಕವನಿದ್ದಾಗ ಮಾಡಿದ ತಂಟೆಯೆಲ್ಲ ಬರೆದಿದ್ದೇನೆ ಎಂದೆ. ಅಮ್ಮ ಸಂತೋಷಪಟ್ಟಳು.

ಕಿವಿರು ಎತ್ತಿ ತೋರಿಸುವ ವಿದ್ಯೆಯನ್ನು ಪ್ರಕಾಶಕರೂ ಬೇರೆ ಮಾತಿನಲ್ಲಿ ಹೇಳಿದರು. "ಮೇಡಂ, ಸಾಹಿತ್ಯ ಸಂಸ್ಕೃತಿ ಅಂತ ಮಾತಾಡ್ಬೇಡಿ. ಏಳನೇ ಅಧ್ಯಾಯ ಹೇಳಿ. ಆ ಫೋನಿನ ವಿಷಯ. ಅದನ್ನು ಕೇಳಿದವ ಪುಸ್ತಕ ತೆಗೆದುಕೊಳ್ಳದೆ ಹೋಗುವುದಿಲ್ಲ." ಮೊದಲ ಸಲ ನಮ್ಮ ನೆಂಟರು ಯಾರೂ ಇಲ್ಲದ ಒಂದು ಮಹಿಳಾ ಮಂಡಳಿಯಲ್ಲಿ ಹೇಳಿದೆ. ಅರ್ಧದಲ್ಲಿ ಗಂಟಲು ಕಟ್ಟಿತು, ನೀರು ತಂದುಕೊಟ್ಟರು, ಇಪ್ಪತ್ತು ಪುಸ್ತಕ ಹೋಯಿತು. ಎರಡನೆಯ ಸಲ ಒಂದು ಕಾಲೇಜಿನಲ್ಲಿ. ಮೂರನೆಯ ಸಲ ಗಂಟಲು ಕಟ್ಟಲಿಲ್ಲ, ಆದರೆ ಕಟ್ಟುತ್ತಿದ್ದ ಜಾಗದಲ್ಲಿ ನಿಲ್ಲಿಸಿದೆ, ನಿಲ್ಲಿಸಿದರೆ ಚೆನ್ನಾಗಿರುತ್ತದೆ ಎಂದು ಗೊತ್ತಾಗಿತ್ತು.

ಆಮೇಲೆ ಅದೊಂದು ಕೆಲಸವಾಯಿತು. ಹದಿನಾಲ್ಕು ಕಡೆ ಹೇಳಿದೆ. "ಸುಮ್ಮನೆ ಹೋಗು" ಎಂಬಲ್ಲಿ ಮೈಕಿನಿಂದ ಸ್ವಲ್ಪ ಹಿಂದೆ ಸರಿಯಬೇಕು, ಎಷ್ಟು ಹೊತ್ತು ಬಿಟ್ಟು ಮುಂದಿನ ವಾಕ್ಯ ಹೇಳಬೇಕು, ಎಲ್ಲವೂ ಬಾಯಿಪಾಠ. ಎದುರಿನ ಸಾಲಿನವರು ಕಣ್ಣೊರೆಸಿಕೊಳ್ಳುವಾಗ ನಾನು, ಈ ಹಾಲ್ ಒಳಗೆ ಪುಸ್ತಕ ಹರಡಿ ಇಡಲು ಮೇಜು ಎಲ್ಲಿ ಸಿಗಬಹುದು ಎಂದು ಯೋಚಿಸುತ್ತಿದ್ದೆ. ತಮ್ಮನ ಮುಖ ನೆನಪಿಗೆ ತಂದುಕೊಳ್ಳಲು ಒಂದೆರಡು ಸಲ ಪ್ರಯತ್ನಿಸಿದೆ, ಬರಲಿಲ್ಲ. ನನ್ನದೇ ವಾಕ್ಯ ಬಂತು. ದುಃಖವಾಗಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಆಗಾಗ ನನ್ನನ್ನು ನಾನೇ ಮುಟ್ಟಿ ನೋಡಿಕೊಂಡೆ. ಏನೂ ಇರಲಿಲ್ಲ.

ಪ್ರಕಾಶಕರ ಸೊಸೆ ಪುಸ್ತಕಗಳ ಪ್ರಚಾರವನ್ನು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾಳೆ. ಒಂದು ಮಧ್ಯಾಹ್ನ ಅವಳು ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿದಳು. "ಅಕ್ಕ, ಒಂದೂವರೆ ನಿಮಿಷ ಸಾಕು. ಮತ್ತೆ, ಕನ್ನಡ ಬೇಡ, ತುಳುವಿನಲ್ಲಿ ಹೇಳಿ. ಇಲ್ಲಿ ತುಳು ರೀಲ್ ಆದ್ರೆ ಓಡ್ತದೆ."

ಆಯಿತು ಎಂದೆ. ಅಷ್ಟೇ. ತುಳು ಎಂದಾಗ ನನ್ನ ತಲೆಯಲ್ಲಿ ಅಮ್ಮ ಬರಲೇ ಇಲ್ಲ. ಹನ್ನೊಂದು ವರ್ಷ ಅಮ್ಮನೆದುರು ಬಾಯಿಗೆ ಬೀಗ ಹಾಕಿಕೊಂಡಿದ್ದವಳು, ಅಮ್ಮನ ಭಾಷೆಯಲ್ಲೇ, ಒಂದೇ ಟೇಕಿನಲ್ಲಿ ಹೇಳಿ ಮುಗಿಸಿದೆ. ಹೇಳುವಾಗ ಇದ್ದ ಒಂದೇ ಚಿಂತೆ, ಸೀರೆಯ ಬಣ್ಣ ವೀಡಿಯೋದಲ್ಲಿ ಹೇಗೆ ಕಾಣುತ್ತದೋ ಎಂಬುದು. "ಸೂಪರ್ ಅಕ್ಕ" ಎಂದಳು ಅವಳು. ನಾನು ಮನೆಗೆ ಬಂದು ಮಲಗಿದೆ, ಒಳ್ಳೆಯ ನಿದ್ರೆ ಬಂತು.

ರೀಲ್ ಓಡಿತು. ಮೂರನೆಯ ದಿನ ಆಫೀಸಿನಲ್ಲಿರುವಾಗ ಪ್ರಕಾಶಕರ ಫೋನು. ಎರಡೇ ದಿನಕ್ಕೆ ಬೇಕಾದಷ್ಟು ಬೇಡಿಕೆ ಬಂದಿದೆ, ಎರಡನೇ ಮುದ್ರಣ ಮಾಡುವ, ತಿದ್ದುಪಡಿ ಏನಾದರೂ ಉಂಟಾ ಎಂದು ಕೇಳಿದರು. ಇಲ್ಲ ಎಂದೆ. ದುಬೈಯಿಂದ ಸೋದರ ಮಾವನ ಮಗ ಎರಡು ಕೈ ಜೋಡಿಸಿದ ಚಿತ್ರ ಕಳಿಸಿದ. ಸಂಜೆ ಬಸ್ಸಿಳಿದು ಬರುವಾಗ ನೋಡಿದೆ, ರಸ್ತೆ ಬದಿಯಲ್ಲಿ ಅಮ್ಮನ ಜಾಗ ಖಾಲಿ. ಪಕ್ಕದಲ್ಲಿ ಕೂರುವ ಹೆಂಗಸು ನನ್ನನ್ನು ಕಂಡು ತಲೆ ತಗ್ಗಿಸಿ, ಮೀನಿಗೆ ನೀರು ಚಿಮುಕಿಸಿದಳು. ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಮೊಬೈಲು ನೋಡಿದ ಮೇಲೆ, ಅಮ್ಮನೂ ರೀಲ್ ನೋಡಿದ್ದಾಳೆ ಎಂದು ನನಗೆ ತಿಳಿಯಿತು.

ಅಮ್ಮ ಅಡುಗೆ ಮನೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಮಾರದೆ ತಂದ ಬುಟ್ಟಿ ಬಾಗಿಲ ಹತ್ತಿರ ಹಾಗೇ ಇತ್ತು. ನಾನು ಹೊಸ್ತಿಲಲ್ಲಿ ನಿಂತೆ.

"ಅವ ನಿಂಗೆ ಫೋನ್ ಮಾಡಿದ್ನಾ?"

"ಹೌದಮ್ಮ."

"ಹೋಗು ಅಂತ ನೀನು ಹೇಳಿದ್ದಾ?"

"ಹೌದು."

ಅಮ್ಮ ಅಳಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ, ಬೈಯಲಿಲ್ಲ. ನೆಲ ನೋಡುತ್ತಾ, "ಹನ್ನೊಂದು ವರ್ಷ ನಾನು ಬಾಯಿ ತೆರೆಯುವ ಮೊದಲು ಹೆದರಿದ್ದೇನೆ ಮಗಾ" ಎಂದಳು. "ನನ್ನ ಬಾಯಿ ಸುಡಲಿ ಅಂತ ದಿನಾ ಹೇಳಿಕೊಂಡಿದ್ದೇನೆ. ನೀನು ಇಲ್ಲೇ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಿ." ತಲೆ ಎತ್ತಿದಳು. "ಊರಿಗೆಲ್ಲ ಮಾರಿದಿ. ನಂಗೊಬ್ಬಳಿಗೆ ಹೇಳ್ಲಿಲ್ಲ."

ನಾನು ಹೋಗಿ ಅವಳೆದುರು ನೆಲದಲ್ಲಿ ಕೂತೆ. ತಪ್ಪಾಯಿತು ಎಂದೆ. ಅದು ಅಮ್ಮನಿಗೆ ಬೇಕಿರಲಿಲ್ಲ.

"ಈಗ ಹೇಳು, ನಂಗೆ ಹೇಳು."

ಶುರು ಮಾಡಿದೆ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಮೊದಲ ದಿನ. ಸರಾಗವಾಗಿ ಬಂತು, ನಿಲ್ಲಿಸುವ ಜಾಗದಲ್ಲಿ ನಿಲ್ಲಿಸುವುದೂ ಬಂತು.

ಅಮ್ಮ ಕೈ ಎತ್ತಿ ತಡೆದಳು. "ಹಾಗೆ ಅಲ್ಲ. ಅದು ನಾನು ಮೊಬೈಲಿನಲ್ಲಿ ಕೇಳಿದ್ದೇನೆ. ಅವ ಫೋನಿನಲ್ಲಿ ಹೇಗೆ ಮಾತಾಡಿದ? ಹೆದರಿದ್ನಾ?"

ಅದನ್ನು ನನ್ನ ಹತ್ತಿರ ಯಾವ ವೇದಿಕೆಯಲ್ಲೂ ಯಾರೂ ಕೇಳಿರಲಿಲ್ಲ. ಪುಸ್ತಕದಲ್ಲಿಯೂ ನಾನು ಬರೆದಿರಲಿಲ್ಲ. "ಇವತ್ತೊಂದು ದಿನ ಬಿಡ್ಲಾ" ಎನ್ನುವಾಗ ಅವನು ನಗಲು ನೋಡಿದ್ದ, ನಗು ಪೂರ್ತಿ ಬಂದಿರಲಿಲ್ಲ. ಆ ಸ್ವರ ಈಗ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ನನ್ನ ಕೆನ್ನೆ ಅದುರತೊಡಗಿತು. ಹೇಳಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ.

ಅಮ್ಮ ನನ್ನ ಬಾಯಿಯನ್ನೇ ನೋಡುತ್ತಾ ಕಾಯುತ್ತಿದ್ದಳು.