ಸರೇಸಿಲ್ಲದೆ ಕೂಡಿಸಿದ ಹಲಗೆಗಳು

ನನ್ನ ಗಂಡನ ಅಕ್ಕನಿಗೆ ಬೆಂಕಿ ತಗುಲಿದ್ದು ಬೆಳಗಿನ ಚಹದ ಹೊತ್ತಿನಲ್ಲಿ. ನೆಲದ ಮೇಲಿದ್ದ ಪಂಪ್ ಸ್ಟೋವಿನ ಆಚೆ ಸಕ್ಕರೆ ಡಬ್ಬಿಯಿತ್ತು. ಕುಕ್ಕರಗಾಲಿನಲ್ಲಿ ಕೂತೇ ಕೈ ಚಾಚಿದರು, ಸೆರಗು ಉರಿಗೆ ಬಿತ್ತು. ನಾನೂ ಅತ್ತೆಯೂ ಕಂಬಳಿ ಸುತ್ತಿ ಆರಿಸಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ತೀರಿಕೊಂಡರು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದ ಅವರೇ ಹೊಸ ಸೊಸೆಯಾದ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದವರು.

ಅದು ಎಂಬತ್ತರ ದಶಕದ ಆರಂಭ. ನಮ್ಮೂರಿನ ನಿಜಲಿಂಗಪ್ಪ ಬಡಾವಣೆಯ ಹೊಸ ಮನೆಗಳಲ್ಲಿ ಹೆಂಗಸರು ಕಲ್ಲಿನ ಕಟ್ಟೆಯ ಮುಂದೆ ನಿಂತು ಅಡುಗೆ ಮಾಡುತ್ತಿದ್ದರು. ನಮ್ಮದು ಹಳೇಪೇಟೆಯ ಬಾಡಿಗೆ ಮನೆ. ಕಲ್ಲು ಕೂರಿಸಲು ಗೋಡೆ ಕೊರೆಯಬೇಕು, ಮಾಲೀಕರು ಒಪ್ಪಲಿಲ್ಲ.

ನನ್ನ ಗಂಡ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಒಂದು ಸಂಜೆ ಅಲ್ಲಿನ ಸಾಮಿಲ್ಲಿನಿಂದ ಮತ್ತಿ ಮರದ ಹಲಗೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. "ಇನ್ನ ಈ ಮನ್ಯಾಗೆ ಸ್ಟೋವ್ ನೆಲದ ಮೇಲೆ ಇಡೋದು ಬ್ಯಾಡ" ಎಂದರು.

ಹಲಗೆಗಳು ಕಿರಿದು. ಮೂರನ್ನು ಅಂಚಿಗೆ ಅಂಚು ಕೂಡಿಸಿದರೆ ಮಾತ್ರ ಕಟ್ಟೆಯಷ್ಟು ಅಗಲ. ಕೂಡಿಸಲು ಅವರು ಸರೇಸು ಕುದಿಸತೊಡಗಿದಾಗ ವಾಸನೆಗೆ ಅತ್ತೆ ಎದ್ದು ಬಂದರು. ಮಗಳನ್ನು ಮಣ್ಣು ಮಾಡಿದ ಮೇಲೆ ಅವರು ಸರಿಯಾಗಿ ಮಾತಾಡಿರಲೇ ಇಲ್ಲ.

"ಅದು ಚರ್ಮ ಕುದಿಸಿ ಮಾಡಿದ ಅಂಟು. ನನ್ನ ಅಡಿಗಿಮನಿ ಒಳಗೆ ಬ್ಯಾಡಪ್ಪ."

"ಹಂಗಾರೆ ಹೆಂಗೆ ಕೂಡಿಸ್ಲಿ, ಅವ್ವ?"

"ನಂಗೇನು ಗೊತ್ತು" ಎಂದು ಅತ್ತೆ ಹೋಗಿ ಮಲಗಿದರು.

ನನ್ನ ಗಂಡ ವಾದಿಸದೆ ಸರೇಸನ್ನು ಹಿತ್ತಲಿಗೆ ಚೆಲ್ಲಿದರು. ಮೇಲಿನಿಂದ ಮೊಳೆ ಹೊಡೆದರೆ ನೀರು ಬಿದ್ದು ತುಕ್ಕು ಹಿಡಿಯುತ್ತದೆ. ಡ್ರಿಲ್ ಜಾರದೆ ಓರೆಯಾಗಿ ಇಳಿಯಲೆಂದು, ಓರೆ ತೂತು ಕೊರೆದ ಒಂದು ಕಬ್ಬಿಣದ ತುಂಡನ್ನು ಕಾರ್ಖಾನೆಯಲ್ಲಿ ಮಾಡಿ ತಂದರು. ಹಲಗೆಗಳನ್ನು ಮಗುಚಿ, ತಳಕ್ಕೆ ಅದನ್ನಿಟ್ಟು, ಅದರ ತೂತಿನಿಂದಲೇ ಕೈ ಡ್ರಿಲ್ ತಿರುಗಿಸಿದರು. ಒಂದು ಹಲಗೆಯ ತಳದಲ್ಲಿ ಓರೆ ಕುಳಿ. ಅದರೊಳಗಿಂದ ಪಕ್ಕದ ಹಲಗೆಯ ಅಂಚಿಗೆ ಸ್ಕ್ರೂ. ಮತ್ತಿ ಕಬ್ಬಿಣದಂಥ ಮರ. ಸಲೀಸಾಗಿ ಇಳಿಯಲೆಂದು ಸ್ಕ್ರೂಗಳಿಗೆ ನಾನು ಸಾಬೂನು ಸವರಿ ಕೊಟ್ಟೆ. ಕಾಲು ಕೂರಿಸಿ ಮಗುಚಿ ನಿಲ್ಲಿಸಿದಾಗ ಮೇಲೆ ಒಂದು ಗುರುತೂ ಇರಲಿಲ್ಲ.

ಕಟ್ಟೆಯ ಮೇಲೆ ಒಂದು ತಗಡು ಹಾಸಿ, ಸ್ಟೋವನ್ನು ಅದರ ಮೇಲೆ ಇಟ್ಟು ನಾನು ನಿಂತು ಅಡುಗೆ ಮಾಡತೊಡಗಿದೆ. ಅತ್ತೆ ಆ ಕಟ್ಟೆಯನ್ನು ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಹಳೆಯ ಸೌದೆ ಒಲೆಯ ಮುಂದೆ ಕೂತು ತಮ್ಮ ರೊಟ್ಟಿ ತಾವೇ ಬಡಿದುಕೊಂಡರು. ಒಂದೇ ಅಡುಗೆಮನೆಯಲ್ಲಿ ನಾವಿಬ್ಬರು ಬೆನ್ನಿಗೆ ಬೆನ್ನು ಮಾಡಿ ತಿಂಗಳುಗಟ್ಟಲೆ ಕಳೆದೆವು.

ಬೇಸಿಗೆ ಬಂತು. ಮರ ಒಣಗಿ ಹಲಗೆಗಳ ನಡುವೆ ಸಂದಿ ಬಿಟ್ಟಿತು. ಹಿಟ್ಟು, ಸಾಸಿವೆ, ನೀರು ಎಲ್ಲ ಅದರೊಳಗೆ ಇಳಿಯುತ್ತಿತ್ತು. ಒಂದು ಭಾನುವಾರ ನನ್ನ ಗಂಡ ಸ್ಕ್ರೂ ಬಿಗಿ ಮಾಡಲು ಕಟ್ಟೆಯ ಕೆಳಗೆ ಅಂಗಾತ ಮಲಗಿದರು. ನನಗೆ ಕಾಣುತ್ತಿದ್ದುದು ಕಾಲು ಮಾತ್ರ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

"ಯಾಕ್ರೀ?" ಎಂದೆ.

"ಅಕ್ಕ ಕೂತು ಏಳೋಕೆ ಮೊಣಕಾಲು ನೋಯ್ತಾವೆ ಅಂತ ಎಷ್ಟು ಸಲ ಹೇಳಿದ್ಲು" ಎಂದು ಕೆಳಗಿನಿಂದಲೇ ಹೇಳಿದರು. "ಎಣ್ಣಿ ಹಚ್ಕೋ ಅಂದೆ."

ಒಲೆಯ ಮುಂದಿದ್ದ ಅತ್ತೆಗೂ ಅದು ಕೇಳಿಸಿತು. ಅವರು ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದು ಬಂದು, ಮಗನ ಕಾಲ ಬಳಿ ಕೂತು, ಪಾದದ ಮೇಲೆ ಕೈಯಿಟ್ಟರು.

"ನಂಗೂ ಹೇಳಿದ್ಲು" ಎಂದರು. "ಏಳು, ರೊಟ್ಟಿ ಆರ್ತಾವೆ."

ನನ್ನ ಗಂಡ ಎದ್ದು ಉಂಡರು. ಸಂದಿ ಪೂರ್ತಿ ಮುಚ್ಚಲಿಲ್ಲ. ಅತ್ತೆ ಕೊನೆಯವರೆಗೂ ಆ ಕಟ್ಟೆಯ ಮೇಲೆ ಅಡುಗೆ ಮಾಡಲಿಲ್ಲ. ಆದರೆ ಅಂದಿನಿಂದ ದಿನಾ ಅಡುಗೆ ಮುಗಿದ ಮೇಲೆ ಒಂದು ಕಡ್ಡಿ ಹಿಡಿದು ಆ ಸಂದಿಯಲ್ಲಿ ಸಿಕ್ಕ ಹಿಟ್ಟನ್ನು ಅವರೇ ಕೆದಕಿ ತೆಗೆಯುತ್ತಿದ್ದರು. ನಾನು ಮಾಡುತ್ತೇನೆಂದರೂ ಬಿಡುತ್ತಿರಲಿಲ್ಲ.