ಹತ್ತು ಸೆಕೆಂಡಿನ ನಡುವೆ

ಯಾರಾದರೂ ವಿಚಿತ್ರ ಕಂಡೆ ಎಂದರೆ, ಹೊಟ್ಟೆ ಕೆಟ್ಟಿರಬೇಕು ನೋಡಿಕೊಳ್ಳಿ ಎಂದು ತಮಾಷೆ ಮಾಡುತ್ತಿದ್ದವನು ನಾನು. ಈಗ ಹಾಗೆ ನಗಲು ನನಗೆ ಮುಖವಿಲ್ಲ.

ತಮಿಳು ಸೀಮೆಯ ಪಲ್ಲಡಂ ಕಡೆಯ ಮಗ್ಗದ ಶೆಡ್ಡುಗಳಿಗೆ ಕ್ಯಾಮೆರಾ ಹಾಕಿ, ತುಡಿಯಲೂರಿನ ಮನೆಯಿಂದಲೇ ನಿಗಾ ಇಡುವುದು ನನ್ನ ಕೆಲಸ. ಪವರ್‌ಲೂಮ್ ಓಡುವಾಗ ಗೋಡೆಯೂ ನಡುಗುತ್ತದೆ, ಗೋಡೆಯ ಮೇಲಿನ ಕ್ಯಾಮೆರಾವೂ ನಡುಗುತ್ತದೆ. ಎಲ್ಲವೂ ಅಲುಗುವ ವಿಡಿಯೊವನ್ನು ಕುಗ್ಗಿಸುವುದು ಕಷ್ಟ. ಅಲ್ಲಿನ ಬಡಪಾಯಿ ಇಂಟರ್ನೆಟ್ಟಿನಲ್ಲಿ ಅದು ನನ್ನವರೆಗೆ ಬರುತ್ತಲೇ ಇರಲಿಲ್ಲ. ಒಂದು ಶೆಡ್ಡಿನಲ್ಲಿ ಉಪಾಯ ಹೂಡಿ, ಹತ್ತು ಸೆಕೆಂಡಿಗೆ ಒಂದೇ ಚಿತ್ರ ಉಳಿಯುವಂತೆ ಮಾಡಿದೆ. ಮಾಲೀಕರಿಗೆ ಹೇಳಲಿಲ್ಲ.

ಅಲ್ಲಿ ನೂಲು ಸುತ್ತಿದ ಕೋನ್ ಒಂದು ಕಾಣೆಯಾಯಿತು. ಒಂದು ಚಿತ್ರದಲ್ಲಿ ನೇಯುವ ರಾಜಮ್ಮನ ಕಂಕುಳಲ್ಲಿ ಕೋನ್ ಇತ್ತು. ಮುಂದಿನದರಲ್ಲಿ ಆಕೆ ಬಾಗಿಲು ದಾಟುತ್ತಿದ್ದಳು, ಬೆನ್ನಷ್ಟೇ ಕಾಣುತ್ತಿತ್ತು. ವಿಡಿಯೊವನ್ನು ಯಾರಾದರೂ ತಿದ್ದಿರಬಹುದೇ ಎಂದು ಕೇಳಲು ಮಾಲೀಕರು ನನ್ನನ್ನು ಕರೆಸಿದರು. ಪ್ರತಿ ವಿಡಿಯೊಗೂ ಗಣಿತದ ಒಂದು ಮೊಹರು ಬೀಳುತ್ತದೆ. ಆಮೇಲೆ ಒಂದು ಚುಕ್ಕೆ ಬದಲಾದರೂ ಮೊಹರು ಹೊಂದುವುದಿಲ್ಲ. ಪರೀಕ್ಷಿಸಿದೆ, ಹೊಂದಿತು. ಯಾರೂ ತಿದ್ದಿಲ್ಲ ಎಂದೆ.

ಶೆಡ್ಡಿನಲ್ಲಿ ಎಲ್ಲರದೂ ತಮಿಳು. ಆದರೆ ನಾನು ಕನ್ನಡದವನೆಂದು ರಾಜಮ್ಮನಿಗೆ ಗೊತ್ತಿತ್ತು. ತನ್ನ ಮನೆಮಾತಾದ, ತಮಿಳು ಬೆರೆತ ಕನ್ನಡದಲ್ಲೇ ಕೇಳಿದಳು: "ಎತ್ತಿದ್ದು ನಾನೇ ದಾ ಕಣ್ಣು. ತಿರ್ಗ ಅಲ್ಲೇ ಮಡಗಿಬುಟ್ಟೆ. ಅದು ನಿನ್ನ ಪೆಟ್ಟಿಗೇಲಿ ಯಾಕೆ ಇಲ್ಲೆ?"

ನಾನು ತಮಿಳಿನಲ್ಲಿ, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದೆ. ಅಂದೇ ಆಕೆಯ ಕೆಲಸ ಹೋಯಿತು. ಕಳ್ಳಿ ಎಂಬ ಹೆಸರು ಬಂದ ಮೇಲೆ ಬೇರೆ ಶೆಡ್ಡಿನವರೂ ಸೇರಿಸಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ, ಊಟ ಸೇರದೆ ಎದ್ದು ಅದೇ ವಿಡಿಯೊ ತೆರೆದೆ. ಚಿತ್ರ ಎಲ್ಲೂ ನಿಲ್ಲದೆ ಓಡಿತು. ರಾಜಮ್ಮ ಕೋನನ್ನು ತಿರುಗಿಸಿ ನೋಡಿದಳು, ಯಾಕೋ ಬೇಡವೆನಿಸಿ ಕಪಾಟಿನಲ್ಲಿ ವಾಪಸ್ಸಿಟ್ಟಳು, ಸೆರಗಿಗೆ ಕೈ ಒರೆಸಿಕೊಂಡು ಬರಿಗೈಯಲ್ಲಿ ಹೊರಗೆ ಹೋದಳು. ನಾನು ಉಳಿಸಿಯೇ ಇರದ ಹತ್ತು ಸೆಕೆಂಡು ಅದು. ಮೊಹರು ಪರೀಕ್ಷಿಸಿದೆ. ಮೂರು ಸಲ ನೋಡಿದೆ, ಮೂರೂ ಸಲ ಹೊಂದಿತು.

ಲ್ಯಾಪ್‌ಟಾಪ್ ಎತ್ತಿಕೊಂಡು ಪಲ್ಲಡಕ್ಕೆ ಓಡಿದೆ. ಮಾಲೀಕರ ಎದುರು ತೆರೆದರೆ, ಹಳೆಯ ಆ ಎರಡು ಚಿತ್ರ, ನಡುವೆ ಏನೂ ಇಲ್ಲ. ಮೊಹರು ಅದಕ್ಕೂ ಹೊಂದಿತು. ಎರಡು ಬೇರೆ ವಿಡಿಯೊಗಳಿಗೆ ಒಂದೇ ಮೊಹರು ಬರುವುದುಂಟೇ ಎಂದು ಬಲ್ಲವರನ್ನೆಲ್ಲ ಕೇಳಿದ್ದೇನೆ. ಸಾಧ್ಯವಿಲ್ಲ ಎನ್ನುತ್ತಾರೆ. ಸಾಧ್ಯವಿಲ್ಲವೆಂದು ನನಗೂ ಗೊತ್ತು, ಕಂಡದ್ದೂ ಗೊತ್ತು.

ಏನು ತೋರಿಸಲು ಬಂದಿರಿ ಎಂದು ಮಾಲೀಕರು ಕೇಳಿದರು. ನಡುವಿನದನ್ನು ಬಿಟ್ಟವನು ನಾನೇ ಎಂದು ಹೇಳಲು ಯಾವ ಚಿತ್ರವೂ ಬೇಕಿರಲಿಲ್ಲ. ಏನಿಲ್ಲ, ಈ ಕಡೆ ಬಂದಿದ್ದೆ, ಹಾಗೇ ಕ್ಯಾಮೆರಾ ನೋಡಿ ಹೋಗೋಣವೆಂದು ಬಂದೆ ಎಂದೆ.