ಹುಲಿಕೆರೆಯ ಖಾಲಿ ಗುಡಿ

ತಂಗಿ ಜ್ವರದಲ್ಲಿ ತೀರಿಕೊಂಡ ಮರುವರ್ಷ, ಅಮ್ಮನ ಮನಸ್ಸು ಹಗುರಾಗಲೆಂದು ಅಪ್ಪ ನಮ್ಮಿಬ್ಬರನ್ನು ಅರಸೀಕೆರೆಯಿಂದ ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದರು. ಆಗ ನನಗೆ ಹದಿಮೂರು. ಅಮ್ಮ ಒಂದು ಶಿಲ್ಪವನ್ನೂ ತಲೆಯೆತ್ತಿ ನೋಡಲಿಲ್ಲ. ಗೈಡು ಹೇಳಿದ್ದಕ್ಕೆಲ್ಲ ಹ್ಞೂಂ ಎನ್ನುತ್ತಿದ್ದಳು, ಅಷ್ಟೆ. ನನಗೆ ಸಿಟ್ಟು ಬರುತ್ತಿತ್ತು.

ಮಧ್ಯಾಹ್ನ ಹಳೇಬೀಡಿನ ಹತ್ತಿರದ ಹುಲಿಕೆರೆಯ ಕಲ್ಯಾಣಿಗೆ ಹೋದೆವು. ಮೆಟ್ಟಿಲುಗಳ ಸುತ್ತ ಪುಟ್ಟ ಪುಟ್ಟ ಕಲ್ಲಿನ ಗುಡಿಗಳು, ಒಳಗೆ ದೇವರಿಲ್ಲ. ಅಮ್ಮ ಕೆಳಗಿಳಿದು ಒಂದು ಗುಡಿಯೊಳಗೆ ಎರಡು ಕೋಡುಬಳೆ ಇಟ್ಟು ಬಂದಳು.

“ಅಲ್ಲಿ ದೇವ್ರೇ ಇಲ್ವಲ್ಲಮ್ಮ, ಯಾರಿಗಿಟ್ಟೆ?” ಎಂದು ರೇಗಿದೆ.

ನಮ್ಮ ಮನೆಯಲ್ಲಿ ತಾತನಿಗೆ ವರ್ಷಕ್ಕೊಮ್ಮೆ ತಿಥಿಯಿತ್ತು, ಎಡೆಯಿತ್ತು. ಏಳು ವರ್ಷಕ್ಕೇ ಹೋದ ಮಗುವಿಗೆ ಎರಡೂ ಇರಲಿಲ್ಲ.

“ಹುಚ್ಚು ಕಣೇ ನಿಂಗೆ,” ಎಂದರು ಅಪ್ಪ ಅಮ್ಮನಿಗೆ. “ಮರೀಲಿ ಅಂತ್ಲೇ ಕರ್ಕೊಂಡ್ ಬಂದಿದ್ದು.”

ಸಂಜೆ ಅರಸೀಕೆರೆಯ ಬಸ್ಸು ಹತ್ತಿ ಕುಳಿತೆವು. ಕಂಡಕ್ಟರ್ ಬಂದಾಗ ಅಪ್ಪ, “ಮೂರು ಫುಲ್ಲು, ಒಂದು ಹಾಫು” ಎಂದರು.

ಕಂಡಕ್ಟರ್ ಸೀಟಿನತ್ತ ಬಗ್ಗಿ ನೋಡಿ, “ಹಾಫ್ ಯಾರಿಗ್ರೀ?” ಎಂದ.

ಅಪ್ಪ ಕೈಲಿದ್ದ ನೋಟುಗಳನ್ನು ಮತ್ತೆ ಎಣಿಸತೊಡಗಿದರು. ಅಮ್ಮ ಮಾತ್ರ, ಕಿಟಕಿಯ ಪಕ್ಕ ಒಂದಿಷ್ಟು ಜಾಗ ಬಿಟ್ಟು, ನನ್ನ ಕಡೆಗೆ ಸರಿದು ಕುಳಿತಳು.